ಸಣ್ಣ ಬ್ರ್ಯಾಂಡ್ ಕಟ್ಟಿ ಮಾನಸಿಕ ಆರೋಗ್ಯಕ್ಕೆ ನೆರವಾಗುವುದು ಹೇಗೆ?

"ಟಿ-ಶರ್ಟೋ ನೋಟ್‌ಬುಕ್ಕೋ ಮಾರಬೇಕು. ಬಂದ ದುಡ್ಡಿನಲ್ಲಿ ಒಂದು ಪಾಲನ್ನು ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ಸಂಸ್ಥೆಗೆ ಕೊಡಬೇಕು. ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಕೇಳುವವರಲ್ಲಿ ಹೆಚ್ಚಿನವರಿಗೆ ಚಿಂತೆ ಇರುವುದು ಹೆಸರು, ಲೋಗೊ, ಇನ್‌ಸ್ಟಾಗ್ರಾಮ್ ಪುಟದ ಬಗ್ಗೆ. ಅದೆಲ್ಲ ಸುಲಭದ ಭಾಗ. ಎಡವುವುದು ಎರಡು ಕಡೆ: ಲೆಕ್ಕದಲ್ಲಿ ಮತ್ತು ಆಡುವ ಮಾತಿನಲ್ಲಿ. ಹಾಗಾಗಿ ಇಲ್ಲಿ ಆ ಎರಡಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇಂಥದ್ದನ್ನು ಲೈಫ್‌ಸ್ಟೈಲ್ ಬ್ರ್ಯಾಂಡ್ ಅನ್ನುತ್ತಾರೆ. ದೊಡ್ಡದೇನಲ್ಲ. ದಿನವೂ ತೊಡುವ, ಬಳಸುವ, ಉಡುಗೊರೆ ಕೊಡುವ ವಸ್ತುಗಳನ್ನು ಒಂದೇ ಹೆಸರಿನಲ್ಲಿ, ಒಂದೇ ಮನೋಭಾವದಲ್ಲಿ ಮಾರುವುದು. ಬಟ್ಟೆ, ಚೀಲ, ಮಗ್, ಮೇಣದಬತ್ತಿ, ಡೈರಿ, ಹೀಗೆ.

ಶುರು ಮಾಡುವ ಮುಂಚೆ ನಿಮ್ಮ ಬಳಿ ಇರಬೇಕಾದದ್ದು: ಪೂರ್ತಿ ಮುಳುಗಿದರೂ ಮನೆ ಖರ್ಚಿಗೆ ತೊಂದರೆಯಾಗದಷ್ಟು ಬಂಡವಾಳ, ವಾರಕ್ಕೆ ಹತ್ತು ಗಂಟೆಯಾದರೂ ಬಿಡುವು, ವ್ಯಾಪಾರಕ್ಕೇ ಮೀಸಲಾದ ಒಂದು ಬ್ಯಾಂಕ್ ಖಾತೆ, ದಾನದ ಹಣಕ್ಕೆ ಇನ್ನೊಂದು ಖಾತೆ, ಮತ್ತು ಲೆಕ್ಕ ಬರೆಯುವ ಅಭ್ಯಾಸ. ಎರಡನೇ ಖಾತೆ ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

1. ವ್ಯಾಪಾರವೋ ದಾನವೋ, ಮೊದಲು ತೀರ್ಮಾನಿಸಿ

ಸ್ವಲ್ಪ ಕಹಿ ಮಾತಿನಿಂದಲೇ ಶುರು ಮಾಡೋಣ. ಸಂಸ್ಥೆಗೆ ಹಣ ತಲುಪಬೇಕು ಅನ್ನುವುದಷ್ಟೇ ನಿಮ್ಮ ಆಸೆಯಾಗಿದ್ದರೆ, ಬಂಡವಾಳಕ್ಕೆ ಇಟ್ಟ ಹಣವನ್ನು ನೇರವಾಗಿ ಅವರಿಗೇ ಕೊಟ್ಟುಬಿಡುವುದು ಒಳ್ಳೆಯದು. ಮೊದಲ ವರ್ಷದ ಮಾರಾಟದಿಂದ ಸಂಸ್ಥೆಗೆ ಸಿಗುವ ಮೊತ್ತ ಬಹಳ ಸಲ ನೀವು ಸ್ಟಾಕಿಗೆ ಹಾಕಿದ ಹಣಕ್ಕಿಂತ ಕಡಿಮೆಯೇ ಇರುತ್ತದೆ.

ಬ್ರ್ಯಾಂಡ್ ಕಟ್ಟುವುದಕ್ಕೆ ಬೇರೆ ಕಾರಣ ಇರಬೇಕು. ಒಳ್ಳೆಯ ವಸ್ತು ಮಾಡುವ ಆಸೆ, ಈ ವಿಷಯದ ಬಗ್ಗೆ ನಾಲ್ಕು ಜನ ಮಾತಾಡಲಿ ಅನ್ನುವ ಆಸೆ, ವರ್ಷಗಟ್ಟಲೆ ನಿಲ್ಲುವ ಒಂದು ಆದಾಯದ ದಾರಿ. ಇವುಗಳಲ್ಲಿ ಒಂದಾದರೂ ನಿಜವಾಗಿದ್ದರೆ ಮುಂದುವರಿಯಿರಿ.

ಲಾಭವನ್ನೆಲ್ಲ ದಾನಕ್ಕೆ ಕೊಟ್ಟು ನಡೆದಿರುವ ಬ್ರ್ಯಾಂಡುಗಳೂ ಇವೆ. ಹಾಲಿವುಡ್ ನಟ ಪಾಲ್ ನ್ಯೂಮನ್ 1982ರಲ್ಲಿ ಶುರು ಮಾಡಿದ ಆಹಾರದ ಬ್ರ್ಯಾಂಡ್ ನ್ಯೂಮನ್ಸ್ ಓನ್ ಹೀಗೆ ಹೆಸರಾದದ್ದು. ಆದರೆ ಆ ಮನುಷ್ಯನಿಗೆ ಹೊಟ್ಟೆಪಾಡಿಗೆ ಸಿನಿಮಾ ಇತ್ತು. ನಿಮ್ಮ ದುಡಿಮೆಗೆ ನೀವು ಸಂಬಳ ಇಟ್ಟುಕೊಳ್ಳದಿದ್ದರೆ ಎರಡನೇ ವರ್ಷಕ್ಕೆ ಬ್ರ್ಯಾಂಡೂ ಇರುವುದಿಲ್ಲ, ದಾನವೂ ಇರುವುದಿಲ್ಲ. ಸಂಬಳ ತೆಗೆದುಕೊಳ್ಳಲು ನಾಚಿಕೆ ಬೇಡ.

ಇನ್ನೊಂದು ಎಚ್ಚರಿಕೆ. ಬ್ರ್ಯಾಂಡ್ ಜೊತೆಗೇ ಸ್ವಂತದ್ದೊಂದು ಟ್ರಸ್ಟ್ ಮಾಡುವ ಉಮೇದು ಹಲವರಿಗೆ ಬರುತ್ತದೆ. ಬೇಡ. ಅನುಭವಸ್ಥರು ಈಗಾಗಲೇ ನಡೆಸುತ್ತಿರುವ ಸಂಸ್ಥೆಗೆ ಕೊಡಿ. ಎರಡು ಸಂಸ್ಥೆಗಳ ಕಾಗದಪತ್ರ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

2. ಯಾವ ಸಂಸ್ಥೆ?

'ಮಾನಸಿಕ ಆರೋಗ್ಯ' ತುಂಬ ಅಗಲವಾದ ಮಾತು. ಸಹಾಯವಾಣಿ ನಡೆಸುವವರು ಒಂದು ಕಡೆ. ದುಡ್ಡಿಲ್ಲದವರಿಗೆ ಆಪ್ತಸಮಾಲೋಚನೆ ಕೊಡಿಸುವವರು ಇನ್ನೊಂದು ಕಡೆ. ಶಾಲೆಗಳಲ್ಲಿ ಕೆಲಸ ಮಾಡುವವರು, ಸ್ಕಿಜೋಫ್ರೇನಿಯಾದಂಥ ದೀರ್ಘಕಾಲದ ಕಾಯಿಲೆ ಇರುವವರಿಗೆ ಪುನರ್ವಸತಿ ಒದಗಿಸುವವರು, ಆರೈಕೆ ಮಾಡುತ್ತಿರುವ ಮನೆಯವರಿಗೆ ಬೆಂಬಲ ಕೊಡುವವರು, ಹಕ್ಕುಗಳಿಗಾಗಿ ಹೋರಾಡುವವರು, ಸಂಶೋಧನೆ ಮಾಡುವವರು, ಎಲ್ಲರೂ ಇದರೊಳಗೇ ಬರುತ್ತಾರೆ. ಒಂದನ್ನು ಆರಿಸಿಕೊಳ್ಳಿ. ಐದು ಸಂಸ್ಥೆಗಳಿಗೆ ಹಂಚಿದರೆ ಯಾರಿಗೂ ಉಪಯೋಗಕ್ಕೆ ಬರುವಷ್ಟು ಸಿಗುವುದಿಲ್ಲ. ಕೊಳ್ಳುವವರಿಗೂ ನೆನಪಿರುವುದಿಲ್ಲ.

ಆರಿಸುವಾಗ ನೋಡಬೇಕಾದದ್ದು: ಕಾನೂನಿನಂತೆ ನೋಂದಣಿ ಇದೆಯಾ? ಲೆಕ್ಕ ತಪಾಸಣೆಯಾದ ವರದಿಯನ್ನು ಪ್ರತಿ ವರ್ಷ ಪ್ರಕಟಿಸುತ್ತಾರಾ? ಆಡಳಿತ ಮಂಡಳಿಯಲ್ಲಿ ಯಾರಿದ್ದಾರೆ? ಮಾನಸಿಕ ಕಾಯಿಲೆಯನ್ನು ಸ್ವತಃ ಅನುಭವಿಸಿದವರಿಗೆ ಅಲ್ಲಿ ದನಿ ಇದೆಯಾ, ಅಥವಾ ಅವರು ಬರೀ ಪೋಸ್ಟರಿನ ಮುಖಗಳಾ? "ಇಷ್ಟೇ ದಿನದಲ್ಲಿ ಖಿನ್ನತೆ ಮಾಯ" ಅನ್ನುವಂಥ ಮಾತಾಡುವ ಸಂಸ್ಥೆಯಿಂದ ದೂರ ಇರಿ.

ಕಚೇರಿ ಖರ್ಚು ಎಷ್ಟು ಶೇಕಡಾ ಅನ್ನುವುದೊಂದನ್ನೇ ಹಿಡಿದು ಅಳೆಯುವವರು ಬಹಳ. ಅದು ಅರ್ಧ ಸತ್ಯ. ಸಹಾಯವಾಣಿಯ ಕೆಲಸವೇ ಜನ. ಅವರ ತರಬೇತಿ, ಸಂಬಳ, ಫೋನ್ ವ್ಯವಸ್ಥೆ ಎಲ್ಲವೂ ಕಾಗದದ ಮೇಲೆ 'ಖರ್ಚು' ಎಂದೇ ಕಾಣುತ್ತದೆ. "ಒಬ್ಬ ಸ್ವಯಂಸೇವಕರಿಗೆ ತರಬೇತಿ ಕೊಡಲು ಎಷ್ಟು ಬೇಕಾಗುತ್ತದೆ?" ಎಂದು ಕೇಳಿ. ನೇರ ಉತ್ತರ ಬಂದರೆ ಅವರು ಲೆಕ್ಕ ಇಡುವವರು ಅಂತ ಅರ್ಥ. ಆ ಉತ್ತರ ನಿಮಗೆ ಮುಂದೆಯೂ ಬೇಕಾಗುತ್ತದೆ.

3. ಮೊದಲು ಒಪ್ಪಿಗೆ, ಆಮೇಲೆ ಪ್ರಚಾರ

ಅತಿ ಸಾಮಾನ್ಯ ತಪ್ಪು ಇದು. ಪೇಜ್ ಮಾಡಿ, ಸಂಸ್ಥೆಯ ಹೆಸರು ಹಾಕಿ, "ಇವರಿಗೆ ಕೊಡ್ತೀವಿ" ಎಂದು ಸಾರಿ, ಆಮೇಲೆ ಅವರಿಗೆ ಮೇಲ್ ಹಾಕುವುದು. ಒಳ್ಳೆಯ ಉದ್ದೇಶವೇ ಇರಬಹುದು. ಆದರೆ ಅವರ ಹೆಸರು ಅವರದ್ದು.

ಹಲವು ದೇಶಗಳಲ್ಲಿ ಇದಕ್ಕೆ ಕಾನೂನೇ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1992ರ ಚಾರಿಟೀಸ್ ಕಾಯ್ದೆಯ ಪ್ರಕಾರ, ದಾನದ ಹೆಸರು ಹೇಳಿ ವಸ್ತು ಮಾರುವವರು 'ಕಮರ್ಷಿಯಲ್ ಪಾರ್ಟಿಸಿಪೇಟರ್', ಅಂದರೆ ವ್ಯಾಪಾರಿ ಪಾಲುದಾರರು. ಅವರು ಸಂಸ್ಥೆಯ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಲೇಬೇಕು. ಅಮೆರಿಕದಲ್ಲೂ ಹಲವು ರಾಜ್ಯಗಳು 'ಕಮರ್ಷಿಯಲ್ ಕೋ-ವೆಂಚರರ್' ಎಂಬ ಹೆಸರಿನಲ್ಲಿ ಇಂಥದ್ದೇ ನಿಯಮ ಇಟ್ಟಿವೆ. ನೀವು ಇರುವ ದೇಶದ ನಿಯಮವನ್ನು ಲೆಕ್ಕಪರಿಶೋಧಕರ ಹತ್ತಿರ ಒಮ್ಮೆ ಕೇಳಿ. ನಿಯಮ ಇಲ್ಲದಿದ್ದರೂ ಒಪ್ಪಂದ ಮಾಡಿಕೊಳ್ಳಿ.

ಎರಡು ಪುಟ ಸಾಕು. ಒಂದು ವಸ್ತುವಿಗೆ ಎಷ್ಟು ಕೊಡುತ್ತೀರಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಎಷ್ಟು ತಿಂಗಳಿಗೊಮ್ಮೆ ಹಣ ಹಾಕುತ್ತೀರಿ, ಲೋಗೊವನ್ನು ಎಲ್ಲೆಲ್ಲಿ ಬಳಸಬಹುದು, ಪ್ರಚಾರದ ಬರಹವನ್ನು ಅವರು ಮೊದಲೇ ನೋಡಬೇಕಾ, ಯಾರಿಗೆ ಬೇಡವೆನಿಸಿದರೂ ಹೇಗೆ ಮುಗಿಸುವುದು. ನೀವು ಕೊಡುವ ಹಣ ನಿರ್ದಿಷ್ಟ ಕೆಲಸಕ್ಕೇ ಹೋಗಬೇಕು ಎಂದಿದ್ದರೆ ಅದನ್ನೂ ಬರೆಸಿ. ಸುಮ್ನೆ "ಮಾನಸಿಕ ಆರೋಗ್ಯಕ್ಕೆ" ಎಂದು ಬರೆದರೆ ಅದು ಸಾಮಾನ್ಯ ನಿಧಿಗೆ ಸೇರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆಮೇಲೆ "ನಮ್ಮ ಹಣ ಸಹಾಯವಾಣಿಗೆ ಹೋಯಿತು" ಎಂದು ನೀವು ಹೇಳುವಂತಿಲ್ಲ.

ಸಣ್ಣವರೆಂದು ದೊಡ್ಡ ಸಂಸ್ಥೆಗಳು ಉತ್ತರ ಕೊಡದೆ ಇರಬಹುದು. ಬೇಜಾರಾಗಬೇಡಿ. ಕೆಲವು ಕಡೆ ಪಾಲುದಾರಿಕೆಗೆ ಕನಿಷ್ಠ ಮೊತ್ತ ಇಟ್ಟಿರುತ್ತಾರೆ. ಸಣ್ಣ ಸಂಸ್ಥೆಯಾದರೆ ನಿಮ್ಮ ಸಣ್ಣ ಹಣಕ್ಕೂ ತೂಕ ಇರುತ್ತದೆ, ಫೋನ್ ಎತ್ತಿ ಮಾತಾಡುವವರೂ ಸಿಗುತ್ತಾರೆ.

4. ಎಷ್ಟು ಕೊಡುತ್ತೀರಿ? ಇಲ್ಲಿ ನಿಧಾನವಾಗಿ ಓದಿ

ಕೊಡುವ ರೀತಿ ಮುಖ್ಯವಾಗಿ ಮೂರು: ಲಾಭದಲ್ಲಿ ಇಷ್ಟು ಶೇಕಡಾ, ಮಾರಾಟದಲ್ಲಿ ಇಷ್ಟು ಶೇಕಡಾ, ಒಂದು ವಸ್ತುವಿಗೆ ಇಷ್ಟು ಅಂತ ನಿಗದಿ ಮೊತ್ತ.

ನಾನು ಮೊದಲು ಹಿಡಿದದ್ದು ಲಾಭದ ಶೇಕಡಾ. ಕೇಳಲು ಚೆನ್ನಾಗಿತ್ತು. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಲಾಭವೇ ಇರಲಿಲ್ಲ. ಕೊಂಡವರೆಲ್ಲ ಏನೋ ತಲುಪಿದೆ ಅಂದುಕೊಂಡಿದ್ದರು. ಕೊನೆಗೆ ಕೈಯಿಂದಲೇ ಹಾಕಿದೆ. ಅಂದಿನಿಂದ ಕೇಳಿದವರಿಗೆಲ್ಲ ಹೇಳುವುದು ಒಂದೇ: ನಿಗದಿ ಮೊತ್ತ ಇಡಿ.

ಯಾಕೆ ಅನ್ನುವುದನ್ನು ಲೆಕ್ಕದಲ್ಲಿ ನೋಡೋಣ. ಒಂದು ಟಿ-ಶರ್ಟಿನ ಬೆಲೆ 100 ಅಂದುಕೊಳ್ಳಿ. ಯಾವ ದೇಶದ ಹಣವಾದರೂ ಸರಿ, ಅಂಕಿಗಳು ಉದಾಹರಣೆಗಷ್ಟೇ. ಬಟ್ಟೆ, ಹೊಲಿಗೆ, ಪ್ರಿಂಟ್ ಸೇರಿ 38. ಪ್ಯಾಕಿಂಗ್ 5. ಕೊರಿಯರ್ 9. ಆನ್‌ಲೈನ್ ಪಾವತಿಯ ಕಮಿಷನ್ 2. ಜಾಹೀರಾತು 12. ವಾಪಸ್ ಬಂದದ್ದು, ಹಾಳಾದದ್ದು 4. ಒಟ್ಟು 70. ಉಳಿದದ್ದು 30. ವೆಬ್‌ಸೈಟ್, ಸ್ಯಾಂಪಲ್, ತೆರಿಗೆ, ಲೆಕ್ಕ ಬರೆಯುವವರ ಫೀಸು, ನಿಮ್ಮ ಸಂಬಳ, ಎಲ್ಲವೂ ಈ 30ರಲ್ಲೇ ಆಗಬೇಕು. ಅದಕ್ಕೆ ಒಂದು ಶರ್ಟಿನ ಮೇಲೆ 22 ಬೀಳುತ್ತದೆ ಎನ್ನೋಣ. ಲಾಭ 8.

ಈಗ "ಲಾಭದ 10% ದಾನಕ್ಕೆ" ಎಂದು ಬರೆದಿದ್ದರೆ ಸಂಸ್ಥೆಗೆ ಹೋಗುವುದು 0.8. ಕೊಂಡವರು ತಲೆಯಲ್ಲಿ ಇಟ್ಟುಕೊಂಡಿರುವುದು 10. ನೀವು ಸುಳ್ಳು ಹೇಳಿಲ್ಲ, ನಿಜ. ಆದರೂ ಅವರಿಗೆ ಮೋಸ ಹೋದ ಹಾಗೆ ಅನಿಸುತ್ತದೆ, ಅಲ್ವಾ?

"ಮಾರಾಟದ 10%" ಎಂದರೆ ಹೋಗುವುದು 10, ಇದ್ದ ಲಾಭ 8. ಶರ್ಟಿಗೆ 2 ನಷ್ಟ. ಇದು ನಡೆಯುವುದಿಲ್ಲ.

"ಪ್ರತಿ ಶರ್ಟಿಗೆ 5" ಎಂದರೆ ನಿಮಗೆ 3 ಉಳಿಯುತ್ತದೆ. ಕೊಂಡವರಿಗೂ ಅರ್ಥವಾಗುತ್ತದೆ. 200 ಶರ್ಟ್ ಹೋದರೆ 1,000 ಎಂದು ಯಾರು ಬೇಕಾದರೂ ಬಾಯಲ್ಲೇ ಲೆಕ್ಕ ಹಾಕಬಹುದು. ಮಾರಾಟ ಹೆಚ್ಚಿದಂತೆ ಆ 22 ಕರಗುತ್ತದೆ. ಆಗ 5ನ್ನು 6 ಮಾಡಿ, 7 ಮಾಡಿ. ಜಾಸ್ತಿ ಹೇಳಿ ಇಳಿಸುವುದಕ್ಕಿಂತ ಕಡಿಮೆ ಹೇಳಿ ಏರಿಸುವುದು ಲೇಸು.

ಇದೇನೂ ಹೊಸ ಉಪಾಯವಲ್ಲ. 1983ರಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ದುರಸ್ತಿಗಾಗಿ ಅಮೆರಿಕನ್ ಎಕ್ಸ್‌ಪ್ರೆಸ್ ಹಣ ಕೂಡಿಸಿದಾಗ ಹೇಳಿದ್ದು ಇಷ್ಟೇ: ಕಾರ್ಡ್ ಬಳಸಿದ ಪ್ರತಿ ಸಲಕ್ಕೆ 1 ಸೆಂಟ್, ಪ್ರತಿ ಹೊಸ ಕಾರ್ಡಿಗೆ 1 ಡಾಲರ್. ಸುಮಾರು 17 ಲಕ್ಷ ಡಾಲರ್ ಕೂಡಿತು. ವ್ಯಾಪಾರಕ್ಕೂ ದಾನಕ್ಕೂ ಗಂಟು ಹಾಕುವ ಈ ರೀತಿಗೆ 'ಕಾಸ್ ಮಾರ್ಕೆಟಿಂಗ್' ಎಂಬ ಹೆಸರು ಬಳಕೆಗೆ ಬಂದದ್ದೂ ಆ ಹೊತ್ತಿಗೇ.

ಮಾರಾಟದ ಶೇಕಡಾ ಲೆಕ್ಕವೂ ಕೆಟ್ಟದ್ದಲ್ಲ, ಶೇಕಡಾ ಸಣ್ಣದಿದ್ದರೆ. ಪರಿಸರ ಕ್ಷೇತ್ರದಲ್ಲಿ 2002ರಲ್ಲಿ ಶುರುವಾದ 'ಒನ್ ಪರ್ಸೆಂಟ್ ಫಾರ್ ದ ಪ್ಲ್ಯಾನೆಟ್' ಸದಸ್ಯ ಕಂಪನಿಗಳಿಂದ ಕೇಳುವುದು ಮಾರಾಟದ 1%, ಲಾಭದ್ದಲ್ಲ. ಲಾಭವನ್ನು ಕಾಗದದ ಮೇಲೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಮಾರಾಟವನ್ನು ಹಾಗೆ ಮಾಡುವುದು ಕಷ್ಟ. ಅಮೆರಿಕದ ಗಾಯಕಿ ಸೆಲೆನಾ ಗೋಮೆಜ್ 2020ರಲ್ಲಿ ತಂದ ಸೌಂದರ್ಯವರ್ಧಕಗಳ ಬ್ರ್ಯಾಂಡ್ ರೇರ್ ಬ್ಯೂಟಿ ಕೂಡ ಮಾನಸಿಕ ಆರೋಗ್ಯದ ನಿಧಿಗೆ ಕೊಡುವುದು ಮಾರಾಟದ 1%. ಅಷ್ಟು ದೊಡ್ಡವರೇ 1% ಎನ್ನುವಾಗ ನೀವು 20% ಎಂದು ಹೇಳುವ ಮುಂಚೆ ಕ್ಯಾಲ್ಕುಲೇಟರ್ ಹಿಡಿಯಿರಿ.

ಬೆಲೆಯ ಪಕ್ಕದಲ್ಲೇ ಏನು ಬರೆಯಬೇಕು? ಅಮೆರಿಕದಲ್ಲಿ ದತ್ತಿ ಸಂಸ್ಥೆಗಳ ನಡವಳಿಕೆಯನ್ನು ಅಳೆಯುವ ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಮೂರು ವಿಷಯ ಕೇಳುತ್ತದೆ. ಬೆಲೆಯಲ್ಲಿ ಎಷ್ಟು ಸಂಸ್ಥೆಗೆ ಹೋಗುತ್ತದೆ, ಈ ಯೋಜನೆ ಎಷ್ಟು ಕಾಲ ಇರುತ್ತದೆ, ಗರಿಷ್ಠ ಅಥವಾ ಖಾತರಿಯ ಕನಿಷ್ಠ ಮೊತ್ತ ಏನಾದರೂ ಇದೆಯಾ. ನೀವು ಎಲ್ಲಿದ್ದರೂ ಈ ಮೂರನ್ನು ಬರೆಯಿರಿ. "ಆದಾಯದ ಒಂದು ಭಾಗ" ಎಂಬ ಮಾತನ್ನು ಮಾತ್ರ ಎಲ್ಲೂ ಬಳಸಬೇಡಿ. ಒಂದು ಭಾಗ ಅಂದರೆ ಏನು ಬೇಕಾದರೂ ಆಗಬಹುದು.

ರಿಯಾಯಿತಿಯ ಬಲೆಯ ಬಗ್ಗೆಯೂ ಹೇಳಲೇಬೇಕು. ಅದೇ ಶರ್ಟಿಗೆ 20% ರಿಯಾಯಿತಿ ಕೊಟ್ಟರೆ ಬೆಲೆ 80. ನೇರ ಖರ್ಚು 70 ಕಳೆದರೆ 10. ದಾನದ 5 ತೆಗೆದರೆ ಉಳಿದದ್ದು 5. ಉಳಿದ ಖರ್ಚಿಗೆ ಬೇಕಾದದ್ದು 22. ಒಂದೊಂದು ಶರ್ಟಿಗೂ 17 ಕೈಬಿಡುತ್ತದೆ. ಆರ್ಡರ್ ಸುರಿಯುತ್ತಿದೆ ಎಂದು ಖುಷಿಪಡುತ್ತಿರುವಾಗಲೇ ಖಾತೆ ಖಾಲಿಯಾಗುವುದು ಹೀಗೆ. ರಿಯಾಯಿತಿ ಕೊಡುವ ಮುಂಚೆ ಪ್ರತಿ ಸಲವೂ ಈ ಲೆಕ್ಕವನ್ನು ಬರೆದು ನೋಡಿ. ರಿಯಾಯಿತಿ ಇದೆ ಎಂದು ದಾನದ ಮೊತ್ತ ಕಡಿತ ಮಾಡುವಂತಿಲ್ಲ, ಅದು ಕೊಟ್ಟ ಮಾತು.

5. ಒಂದೇ ವಸ್ತುವಿನಿಂದ ಶುರು

ಎಲ್ಲರೂ ಟಿ-ಶರ್ಟಿಗೇ ಕೈ ಹಾಕುತ್ತಾರೆ. ಆದರೆ ಬಟ್ಟೆಗೆ ಸೈಜ್ ಎಂಬ ತಲೆನೋವು ಇದೆ. ಐದು ಸೈಜ್, ಮೂರು ಬಣ್ಣ, ಎರಡು ಡಿಸೈನ್ ಅಂದರೆ 30 ಬಗೆ. ಒಂದೊಂದರಲ್ಲಿ ಹತ್ತು ಇಟ್ಟರೂ 300. ಕೊನೆಗೆ ಎಲ್ಲರಿಗೂ ಬೇಕಾದ ಸೈಜ್ ಮುಗಿದಿರುತ್ತದೆ, ಯಾರಿಗೂ ಬೇಡದ್ದು ಪೆಟ್ಟಿಗೆಯಲ್ಲಿ ಕೂತಿರುತ್ತದೆ. ನೋಟ್‌ಬುಕ್, ಬಟ್ಟೆಯ ಚೀಲ, ಪೋಸ್ಟ್‌ಕಾರ್ಡ್ ಸೆಟ್, ಇವಕ್ಕೆ ಸೈಜ್ ಇಲ್ಲ, ಒಡೆಯುವುದಿಲ್ಲ. ಮಗ್ ಮತ್ತು ಮೇಣದಬತ್ತಿ ಚಂದ, ಆದರೆ ಕೊರಿಯರ್ ಪೆಟ್ಟಿಗೆಯಲ್ಲಿ ಒಡೆಯುತ್ತವೆ, ಕರಗುತ್ತವೆ.

ತಯಾರಿಗೆ ಎರಡು ದಾರಿ. ಒಂದು 'ಪ್ರಿಂಟ್ ಆನ್ ಡಿಮಾಂಡ್': ಆರ್ಡರ್ ಬಂದ ಮೇಲೆ ಒಂದೊಂದೇ ಪ್ರಿಂಟ್ ಮಾಡಿ ಕಂಪನಿಯೇ ಕಳಿಸುತ್ತದೆ. ಸ್ಟಾಕ್ ಇಡಬೇಕಾಗಿಲ್ಲ, ಆದರೆ ಒಂದರ ಖರ್ಚು ಜಾಸ್ತಿ, ದಾನಕ್ಕೆ ಉಳಿಯುವುದು ಕಡಿಮೆ. ಇನ್ನೊಂದು ಬ್ಯಾಚ್: ಒಟ್ಟಿಗೆ ನೂರೋ ಇನ್ನೂರೋ ಮಾಡಿಸುವುದು. ತಯಾರಕರು ಕೇಳುವ 'ಎಂಒಕ್ಯು' ಅಂದರೆ ಅವರು ಒಪ್ಪುವ ಕನಿಷ್ಠ ಆರ್ಡರ್. ನನ್ನ ಸಲಹೆ: ಡಿಸೈನ್ ಓಡುತ್ತದಾ ಎಂದು ನೋಡಲು ಮೊದಲನೆಯದು, ಓಡಿದ ಮೇಲೆ ಎರಡನೆಯದು.

ಬಟ್ಟೆಯೇ ಬೇಕು ಎಂದಾದರೆ 'ಜಿಎಸ್‌ಎಂ' ತಿಳಿದಿರಲಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಅಳತೆ ಅದು. ಟಿ-ಶರ್ಟಿಗೆ ಸಾಮಾನ್ಯವಾಗಿ 150ರಿಂದ 200. ಸ್ಯಾಂಪಲ್ ತರಿಸಿ, ಐದು ಸಲ ಒಗೆದು, ನೀವೇ ತೊಟ್ಟು ನೋಡಿ. ಪ್ರಿಂಟ್ ಬಿರುಕು ಬಿಟ್ಟರೆ ಆ ಪ್ರಿಂಟರ್ ಬೇಡ.

ಕನ್ನಡದ ಸಾಲು ಹಾಕಿಸುವವರಿಗೆ ಇನ್ನೊಂದು ಮಾತು. ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಸರಿಯಾದ ಸೆಟ್ಟಿಂಗ್ ಇಲ್ಲದಿದ್ದರೆ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿಯಾಗುತ್ತವೆ. ಅಕ್ಷರಗಳನ್ನು ಚಿತ್ರರೂಪಕ್ಕೆ ಬದಲಿಸಿ, ಅಂದರೆ 'ಔಟ್‌ಲೈನ್' ಮಾಡಿಯೇ ಪ್ರಿಂಟರಿಗೆ ಕೊಡಿ. ಅಂತಿಮ ಪ್ರೂಫನ್ನು ಕನ್ನಡ ಚೆನ್ನಾಗಿ ಬಲ್ಲವರ ಹತ್ತಿರ ಓದಿಸಿ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಸಣ್ಣ ಒತ್ತಕ್ಷರದ ಸಂದಿಗೆ ಶಾಯಿ ತುಂಬಿ ಮುಚ್ಚಿಹೋಗುತ್ತದೆ. ಅಕ್ಷರ ದೊಡ್ಡದಿರಲಿ. ಮನಸ್ಸಿನ ಬಗ್ಗೆ ಬರೆದ ಸಾಲಿನಲ್ಲಿ ಕಾಗುಣಿತ ತಪ್ಪಿದ 200 ಚೀಲ ಮನೆಯಲ್ಲಿದ್ದರೆ ಮನಸ್ಸು ಹೇಗಿರುತ್ತದೆ, ನೀವೇ ಯೋಚಿಸಿ.

ಪ್ಯಾಕಿಂಗಿಗೆ ದುಬಾರಿ ಡಬ್ಬಿ, ರೇಷ್ಮೆ ರಿಬ್ಬನ್ ಹಾಕುವ ಚಪಲ ಬಿಡಿ. ಡಬ್ಬಿಗೆ 15, ದಾನಕ್ಕೆ 2 ಎಂದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

6. ಏನು ಬರೆಯಬಾರದು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಪ್ರತಿ 8 ಜನರಲ್ಲಿ ಒಬ್ಬರು ಯಾವುದಾದರೊಂದು ಮಾನಸಿಕ ಕಾಯಿಲೆಯೊಂದಿಗೆ ಬದುಕುತ್ತಿದ್ದರು. ಅಂದರೆ ನಿಮ್ಮ ಚೀಲ ಕೊಳ್ಳುವವರಲ್ಲೇ ಅಂಥವರು ಇದ್ದೇ ಇರುತ್ತಾರೆ. ಬರೆಯುವ ಪ್ರತಿ ಸಾಲನ್ನೂ ಅವರು ಓದುತ್ತಾರೆ.

"ನಗ್ತಾ ಇರಿ, ಎಲ್ಲ ಸರಿಹೋಗತ್ತೆ" ಎಂಬ ಸಾಲು ಖಿನ್ನತೆಯಲ್ಲಿರುವವರಿಗೆ ಬೈದ ಹಾಗೆ ಕೇಳಿಸುತ್ತದೆ. ನಗಲು ಆಗದಿರುವುದೇ ಅವರ ಕಷ್ಟ. ಕಾಯಿಲೆಯ ಹೆಸರನ್ನು ತಮಾಷೆಗೆ ಬಳಸುವುದೂ ಬೇಡ. ಅಚ್ಚುಕಟ್ಟಾಗಿ ಇರುವವರನ್ನೆಲ್ಲ 'ಒಸಿಡಿ' (ಬೇಡವೆಂದರೂ ಮರುಕಳಿಸುವ ಯೋಚನೆ, ವರ್ತನೆಗಳ ಕಾಯಿಲೆ) ಎನ್ನುವುದು, ಮೂಡ್ ಬದಲಾದರೆ 'ಬೈಪೋಲಾರ್' (ಅತಿ ಉತ್ಸಾಹ, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ) ಎನ್ನುವುದು. 'ಹುಚ್ಚು', 'ತಲೆ ಕೆಟ್ಟಿದೆ' ಎಂಬ ಮಾತುಗಳು ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತವೆ ನೋಡಿ. ಟಿ-ಶರ್ಟ್ ಮೇಲೆ ಅವು ಬರಬಾರದು. 'ಮಾನಸಿಕ ರೋಗಿಗಳು' ಎಂಬುದಕ್ಕಿಂತ 'ಖಿನ್ನತೆ ಇರುವವರು', 'ಆತಂಕದಿಂದ ಬಳಲುತ್ತಿರುವವರು' ಎಂದರೆ ಮನುಷ್ಯರು ಮೊದಲು ಕಾಣುತ್ತಾರೆ.

ಆತ್ಮಹತ್ಯೆಯ ವಿಧಾನ, ಜಾಗ, ಕೊನೆಯ ಪತ್ರ, ಇವು ಚಿತ್ರದಲ್ಲೂ ಬರಹದಲ್ಲೂ ಬೇಡವೇ ಬೇಡ. ಸುದ್ದಿ ಮಾಧ್ಯಮಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಸೂಚನೆಯೂ ಇದೇ. ತಲೆ ಹಿಡಿದು ಮೂಲೆಯಲ್ಲಿ ಕೂತ ಫೋಟೊ ಎಲ್ಲೆಡೆ ಬಳಸಿ ಸವೆದುಹೋಗಿದೆ. ಅದನ್ನೂ ಬಿಡಿ.

ಇನ್ನು ಆರೋಗ್ಯದ ಭರವಸೆ. "ಈ ಮೇಣದಬತ್ತಿ ಆತಂಕ ಕಡಿಮೆ ಮಾಡುತ್ತದೆ" ಎಂದು ಬರೆದ ಕೂಡಲೇ ನೀವು ಚಿಕಿತ್ಸೆಯ ಮಾತು ಆಡಿದಂತೆ. ಪುರಾವೆ ಇಲ್ಲದ ಇಂಥ ಮಾತಿಗೆ ಹಲವು ದೇಶಗಳ ಜಾಹೀರಾತು ನಿಯಮಗಳಲ್ಲಿ ದಂಡವಿದೆ. ಅದಕ್ಕಿಂತ ಮುಖ್ಯವಾಗಿ, ಅದನ್ನು ನಂಬಿ ಯಾರೋ ವೈದ್ಯರ ಭೇಟಿ ಮುಂದೂಡಬಹುದು. "ಲ್ಯಾವೆಂಡರ್ ಪರಿಮಳ, 30 ಗಂಟೆ ಉರಿಯುತ್ತದೆ" ಅಂದರೆ ಸಾಕು.

ಚಿಹ್ನೆಗಳ ವಿಷಯ. ಹಸಿರು ರಿಬ್ಬನ್ ಮಾನಸಿಕ ಆರೋಗ್ಯದ ಜಾಗೃತಿಯ ಗುರುತಾಗಿ ಬಳಕೆಯಲ್ಲಿದೆ. ಅರ್ಧವಿರಾಮ ಚಿಹ್ನೆಗೆ ಹೊಸ ಅರ್ಥ ಬಂದದ್ದು 2013ರಲ್ಲಿ ಏಮಿ ಬ್ಲೂಯೆಲ್ ಶುರು ಮಾಡಿದ 'ಪ್ರಾಜೆಕ್ಟ್ ಸೆಮಿಕೋಲನ್'ನಿಂದ: ವಾಕ್ಯವನ್ನು ಮುಗಿಸಬಹುದಿತ್ತು, ಆದರೆ ಮುಂದುವರಿಸಿದೆ, ಎಂದು. ಅದನ್ನು ಮೈಮೇಲೆ ಹಚ್ಚೆ ಹಾಕಿಸಿಕೊಂಡವರಿಗೆ ಅದು ಅಲಂಕಾರವಲ್ಲ. ಬಳಸುವುದಾದರೆ ಎಲ್ಲಿಂದ ಬಂತು ಎಂದು ಹೇಳಿ ಬಳಸಿ, ನಿಮ್ಮದೇ ಕಲ್ಪನೆ ಎಂಬಂತೆ ಮಾರಬೇಡಿ.

ಡಿಸೈನ್ ಪ್ರಿಂಟಿಗೆ ಹೋಗುವ ಮುಂಚೆ ಸಂಸ್ಥೆಯವರಿಗೆ ತೋರಿಸಿ. ಈ ಕಷ್ಟವನ್ನು ಸ್ವತಃ ಕಂಡ ಇಬ್ಬರು ಮೂವರಿಗೂ ತೋರಿಸಿ. ಅವರ ಸಮಯಕ್ಕೆ ಹಣ ಕೊಡಿ. ಅವರ ಕಥೆಯನ್ನು ಮಾತ್ರ ಪ್ರಚಾರಕ್ಕೆ ಕೇಳಬೇಡಿ. ತಾವಾಗಿ ಹೇಳುತ್ತೇವೆ ಎಂದರೂ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ, ಯಾವಾಗ ಬೇಕಾದರೂ ತೆಗೆಸುವ ಹಕ್ಕು ಅವರಿಗಿರಲಿ.

7. ಹೆಸರು, ನೋಂದಣಿ

ಇದು ಬೇಗ ಮುಗಿಯುವ ಹೆಜ್ಜೆ. ವ್ಯಾಪಾರ ನೋಂದಣಿ, ತೆರಿಗೆ ನೋಂದಣಿ ನಿಮ್ಮ ದೇಶದ ನಿಯಮದಂತೆ ಮಾಡಿಸಿ. ಟ್ರೇಡ್‌ಮಾರ್ಕ್, ಅಂದರೆ ಹೆಸರು ಮತ್ತು ಗುರುತಿನ ಮೇಲಿನ ಕಾನೂನು ಹಕ್ಕು, ವಸ್ತುವಿನ ವರ್ಗದ ಮೇಲೆ ಸಿಗುತ್ತದೆ. ಅಂತರರಾಷ್ಟ್ರೀಯ ನೀಸ್ ವರ್ಗೀಕರಣದಲ್ಲಿ 45 ವರ್ಗಗಳಿವೆ. ಬಟ್ಟೆ 25ರಲ್ಲಿ, ನೋಟ್‌ಬುಕ್ 16ರಲ್ಲಿ, ಮೇಣದಬತ್ತಿ 4ರಲ್ಲಿ. ಹೆಸರು ಇಡುವ ಮುಂಚೆ ಆ ವರ್ಗದಲ್ಲಿ ಬೇರೆಯವರು ಇದ್ದಾರಾ ಎಂದು ಹುಡುಕಿ. ಹೆಸರಿನಲ್ಲಿ 'ಫೌಂಡೇಶನ್', 'ಥೆರಪಿ', 'ಕ್ಲಿನಿಕ್' ಎಂಬ ಪದಗಳು ಬೇಡ. ನೀವು ಅದ್ಯಾವುದೂ ಅಲ್ಲ.

8. ರಾತ್ರಿ ಹನ್ನೊಂದಕ್ಕೆ ಬರುವ ಮೆಸೇಜ್

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಖಂಡಿತ ಎದುರಾಗುತ್ತದೆ. ಮಾನಸಿಕ ಆರೋಗ್ಯದ ಮಾತಾಡುವ ಪುಟಕ್ಕೆ "ನನಗೆ ಬದುಕೋಕೆ ಇಷ್ಟ ಇಲ್ಲ" ಎಂಬ ಮೆಸೇಜ್ ಒಂದು ದಿನ ಬಂದೇ ಬರುತ್ತದೆ. ಆ ಹೊತ್ತಿಗೆ ಯೋಚಿಸುತ್ತ ಕೂರಬಾರದು. ಪುಟ ತೆರೆಯುವ ಮುಂಚೆಯೇ ತಯಾರಿ ಇರಲಿ.

ನಿಮ್ಮ ದೇಶದ ಸಹಾಯವಾಣಿ ಮತ್ತು ತುರ್ತು ಸಂಖ್ಯೆಗಳನ್ನು ಪುಟದ ಮೇಲ್ಭಾಗದಲ್ಲಿ ಹಾಕಿ. ಮೂರು ತಿಂಗಳಿಗೊಮ್ಮೆ ನೀವೇ ಕರೆ ಮಾಡಿ, ನಡೆಯುತ್ತಿದೆಯಾ ಎಂದು ನೋಡಿ. ಕೆಲಸ ಮಾಡದ ಸಂಖ್ಯೆ ಹಾಕುವುದಕ್ಕಿಂತ ಹಾಕದಿರುವುದೇ ವಾಸಿ. ಉತ್ತರದ ಕರಡನ್ನು ಸಂಸ್ಥೆಯವರ ಜೊತೆ ಕೂತು ಬರೆದಿಟ್ಟುಕೊಳ್ಳಿ. ಹೀಗಿರಬಹುದು:

"ನಮಗೆ ಬರೆದದ್ದು ಒಳ್ಳೆಯದಾಯಿತು. ನೀವು ಹೇಳುತ್ತಿರುವುದನ್ನು ನಾವು ಗಂಭೀರವಾಗಿ ತೆಗೆದುಕೊಂಡಿದ್ದೇವೆ. ನಾವು ವಸ್ತುಗಳನ್ನು ಮಾರುವವರು, ಆಪ್ತಸಮಾಲೋಚಕರಲ್ಲ. ಆದರೆ ಈ ಸಂಖ್ಯೆಯಲ್ಲಿ ಈಗಲೇ ಮಾತಾಡುವವರು ಇದ್ದಾರೆ. ನಿಮ್ಮ ಹತ್ತಿರ ಈಗ ಯಾರಾದರೂ ಇದ್ದಾರಾ? ನಿಮ್ಮ ಜೀವಕ್ಕೆ ಈ ಕ್ಷಣ ಅಪಾಯ ಇದೆ ಅನಿಸಿದರೆ ದಯವಿಟ್ಟು ತುರ್ತು ಸಂಖ್ಯೆಗೆ ಕರೆ ಮಾಡಿ."

ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಅದನ್ನೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಹಲವರಿಗಿದೆ. ಅದು ತಪ್ಪು ನಂಬಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹಾಗಂತ ನೀವು ಚಿಕಿತ್ಸಕರಾಗಲು ಹೋಗಬೇಡಿ. ಬೋಧನೆ ಬೇಡ, ವಾದ ಬೇಡ, "ಯಾರಿಗೂ ಹೇಳಲ್ಲ" ಎಂಬ ಮಾತು ಕೊಡುವುದಂತೂ ಬೇಡ. ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು, ಹೆಸರು ಮುಚ್ಚಿ, "ನೋಡಿ ನಮ್ಮ ಕೆಲಸ ಎಷ್ಟು ಮುಖ್ಯ" ಎಂದು ಹಾಕುವವರನ್ನು ಕಂಡಿದ್ದೇನೆ. ಹಾಗೆ ಮಾಡಬೇಡಿ.

ಮೆಸೇಜ್ ನೋಡುವವರು ಒಬ್ಬರೇ ಆಗಿದ್ದರೆ ಅವರೂ ದಣಿಯುತ್ತಾರೆ. ಆ ಕೆಲಸವನ್ನು ಇಬ್ಬರು ಹಂಚಿಕೊಳ್ಳಿ. ಯಾವ ಗಂಟೆಯಿಂದ ಯಾವ ಗಂಟೆವರೆಗೆ ಉತ್ತರ ಸಿಗುತ್ತದೆ ಎಂದು ಬರೆದು ಹಾಕಿ. ಉಳಿದ ಹೊತ್ತಿನಲ್ಲಿ ಸಹಾಯವಾಣಿ ಸಂಖ್ಯೆ ಇರುವ ಉತ್ತರ ತಾನಾಗಿ ಹೋಗುವಂತೆ ಸೆಟ್ ಮಾಡಿ.

9. ಮಾರಾಟ ಶುರು

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ವರ್ಲ್ಡ್ ಫೆಡರೇಶನ್ ಫಾರ್ ಮೆಂಟಲ್ ಹೆಲ್ತ್ 1992ರಲ್ಲಿ ಶುರು ಮಾಡಿದ್ದು. ಎಲ್ಲರೂ ಅಂದೇ ಬಿಡುಗಡೆ ಮಾಡಲು ಹೊರಡುತ್ತಾರೆ. ಆ ದಿನ ದೊಡ್ಡ ಕಂಪನಿಗಳ ಜಾಹೀರಾತಿನ ನಡುವೆ ನಿಮ್ಮದು ಕಾಣುವುದೇ ಇಲ್ಲ. ಮಾಡಲೇಬೇಕು ಎಂದರೆ ಹಿಂದಿನಿಂದ ಲೆಕ್ಕ ಹಾಕಿ. ಕೊಂಡವರ ಕೈಗೆ ಅಕ್ಟೋಬರ್ ಮೊದಲ ವಾರ ಸೇರಬೇಕಾದರೆ ಸೆಪ್ಟೆಂಬರ್ ನಡುವೆ ಮಾರಾಟ ತೆರೆದಿರಬೇಕು, ಆಗಸ್ಟ್‌ನಲ್ಲಿ ಸ್ಟಾಕ್ ಬಂದಿರಬೇಕು, ಜುಲೈನಲ್ಲಿ ಸ್ಯಾಂಪಲ್ ಒಪ್ಪಿರಬೇಕು, ಒಪ್ಪಂದದ ಮಾತು ಮೇ ತಿಂಗಳಲ್ಲೇ ಶುರುವಾಗಿರಬೇಕು.

ಪ್ರಿ-ಆರ್ಡರ್, ಅಂದರೆ ಮೊದಲೇ ಹಣ ಪಡೆದು ಆಮೇಲೆ ತಯಾರಿಸುವುದು, ಬಂಡವಾಳ ಕಡಿಮೆ ಇರುವವರಿಗೆ ಒಳ್ಳೆಯದು. ಯಾವ ದಿನ ಕಳಿಸುತ್ತೀರಿ ಎಂದು ಬರೆಯಿರಿ. ಪ್ರಿಂಟರ್ ಹೇಳಿದ ದಿನಕ್ಕೆ ಎರಡು ವಾರ ಸೇರಿಸಿಯೇ ಬರೆಯಿರಿ.

ಕೊಳ್ಳುವವರಿಗೆ "ನೀವು ದಾನ ಮಾಡಿದ್ದೀರಿ" ಎಂದು ಹೇಳಬೇಡಿ. ಅವರು ಚೀಲ ಕೊಂಡಿದ್ದಾರೆ, ದಾನ ಕೊಡುತ್ತಿರುವುದು ನಿಮ್ಮ ಬ್ರ್ಯಾಂಡ್. ತೆರಿಗೆ ವಿನಾಯಿತಿಯ ರಸೀದಿ ಕೊಡಿ ಎಂದು ಕೇಳುವವರು ಇರುತ್ತಾರೆ, ಅವರಿಗೂ ಇದನ್ನೇ ಹೇಳಬೇಕಾಗುತ್ತದೆ. ನೇರ ದಾನ ಮಾಡಬೇಕು ಅನ್ನುವವರಿಗಾಗಿ ಸಂಸ್ಥೆಯ ಲಿಂಕ್ ಕೊಟ್ಟುಬಿಡಿ. ನಿಮ್ಮ ಮಾರಾಟ ಒಂದು ಕಡಿಮೆಯಾಗಬಹುದು, ಆಗಲಿ.

10. ಹಣ ತಲುಪಿಸುವುದು, ಲೆಕ್ಕ ತೋರಿಸುವುದು

ಈಗ ಆ ಎರಡನೇ ಖಾತೆ. ಪ್ರತಿ ವಾರ ಎಷ್ಟು ವಸ್ತು ಹೋಯಿತೋ ಅಷ್ಟರ ದಾನದ ಮೊತ್ತವನ್ನು ಅದೇ ವಾರ ಆ ಖಾತೆಗೆ ಹಾಕಿ. ವ್ಯಾಪಾರದ ಖಾತೆಯಲ್ಲೇ ಬಿಟ್ಟರೆ ಅದು ಖರ್ಚಾಗುತ್ತದೆ. ಕೆಟ್ಟ ಮನಸ್ಸಿನಿಂದಲ್ಲ, ಪ್ರಿಂಟರಿಗೆ ಮುಂಗಡ ಕೊಡಬೇಕಾಗಿ ಬಂದು. ಆ ಹಣ ನಿಮ್ಮದಲ್ಲ, ನಿಮ್ಮ ಹತ್ತಿರ ಇದೆ ಅಷ್ಟೆ.

ವಾಪಸ್ ಬಂದ ವಸ್ತುವಿನ ದಾನದ ಪಾಲು ಏನಾಗುತ್ತದೆ ಎಂದು ಮೊದಲೇ ನಿರ್ಧರಿಸಿ. ಹಣ ಮರಳಿಸಿದ ಆರ್ಡರನ್ನು ಲೆಕ್ಕದಿಂದ ತೆಗೆಯುವುದು ನ್ಯಾಯವೇ. ಆದರೆ ಅದನ್ನು ಒಪ್ಪಂದದಲ್ಲೂ ವೆಬ್‌ಸೈಟಿನಲ್ಲೂ ಬರೆದಿರಬೇಕು.

ಮೂರು ತಿಂಗಳಿಗೊಮ್ಮೆ ಸಂಸ್ಥೆಗೆ ಹಣ ಹಾಕಿ, ರಸೀದಿ ಪಡೆಯಿರಿ, ಪ್ರಕಟಿಸಿ. ಎಷ್ಟು ಮಾರಾಟ, ಎಷ್ಟು ವಾಪಸ್, ಒಂದಕ್ಕೆ ಎಷ್ಟು, ಒಟ್ಟು ಎಷ್ಟು, ಯಾವ ದಿನ ಕೊಟ್ಟಿದ್ದು. ಐದು ಸಾಲು. 43 ಚೀಲ ಮಾತ್ರ ಹೋಗಿದ್ದರೆ 43 ಎಂದೇ ಬರೆಯಿರಿ. ಸಣ್ಣ ಅಂಕಿ ನೋಡಿ ಯಾರೂ ನಗುವುದಿಲ್ಲ. ವರ್ಷಗಟ್ಟಲೆ ಅಂಕಿಯೇ ಇಲ್ಲದ ಪುಟ ನೋಡಿದಾಗಲೇ ಜನಕ್ಕೆ ಅನುಮಾನ ಬರುವುದು. ತರಬೇತಿಯ ಖರ್ಚನ್ನು ಎರಡನೇ ಹೆಜ್ಜೆಯಲ್ಲಿ ಕೇಳಿದ್ದಿರಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಸಂಸ್ಥೆ ಒಪ್ಪಿದರೆ "ಇದು ಒಬ್ಬ ಸ್ವಯಂಸೇವಕರ ತರಬೇತಿಯ ಅರ್ಧ ಖರ್ಚಿಗೆ ಸಮ" ಎಂದು ಬರೆಯಬಹುದು. "ಇಷ್ಟು ಜೀವ ಉಳಿಸಿದೆವು" ಎಂದು ಮಾತ್ರ ಯಾವತ್ತೂ ಬರೆಯಬೇಡಿ.

ಬ್ರ್ಯಾಂಡ್ ನಿಲ್ಲಿಸಬೇಕಾಗಿ ಬಂದರೆ? ಅದು ಅವಮಾನವೇನಲ್ಲ, ಬಹಳ ಸಣ್ಣ ಬ್ರ್ಯಾಂಡುಗಳು ನಿಲ್ಲುತ್ತವೆ. ಮೊದಲು ದಾನದ ಖಾತೆಯಲ್ಲಿರುವುದನ್ನು ಪೂರ್ತಿ ಸಂಸ್ಥೆಗೆ ಹಾಕಿ. ಆಮೇಲೆ ಕೊನೆಯ ವರದಿ ಪ್ರಕಟಿಸಿ. ಸಂಸ್ಥೆಯ ಹೆಸರು, ಲೋಗೊ ಎಲ್ಲ ಕಡೆಯಿಂದ ತೆಗೆಯಿರಿ. ಪುಟಕ್ಕೆ ಬರುವ ಮೆಸೇಜುಗಳಿಗೆ ಸಹಾಯವಾಣಿ ಸಂಖ್ಯೆ ಇರುವ ಉತ್ತರ ಇನ್ನೂ ಕೆಲವು ತಿಂಗಳು ತಾನಾಗಿ ಹೋಗುತ್ತಿರಲಿ. ಉಳಿದ ಟಿ-ಶರ್ಟುಗಳನ್ನು ಸಂಸ್ಥೆಯ ಬಾಗಿಲಿಗೆ ತಂದು ಇಳಿಸುವ ಮುಂಚೆ ಅವರಿಗೆ ಬೇಕಾ ಎಂದು ಒಂದು ಮಾತು ಕೇಳಿ. ಹೆಚ್ಚಿನ ಸಲ ಅವರ ಹತ್ತಿರ ಅದನ್ನು ಇಡಲು ಜಾಗವೇ ಇರುವುದಿಲ್ಲ.